ಸೊಂಟ ನೋವಿಗೆ ಕರೆಂಟಾ, ಕಸರತ್ತಾ?

ಸೊಂಟ ಹಿಡಿದುಕೊಂಡಿದೆ ಎಂದು ಫಿಸಿಯೋಥೆರಪಿಗೆ ಹೋದರೆ ಬೋರಲು ಮಲಗಿಸಿ, ನಾಲ್ಕು ಪ್ಯಾಡ್ ಅಂಟಿಸಿ ಮಷಿನ್ ಆನ್ ಮಾಡುತ್ತಾರೆ. ಜುಮುಜುಮು ಅನ್ನುತ್ತದೆ. ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಶಬ್ದತರಂಗದ ಚಿಕಿತ್ಸೆ), ಕೆಲವರಿಗೆ ಟ್ರಾಕ್ಷನ್, ಅಂದರೆ ಸೊಂಟವನ್ನು ಎಳೆದು ಹಿಡಿಯುವುದು. ನಮ್ಮ ಬಾಯಲ್ಲಿ ಇದೆಲ್ಲಾ ‘ಕರೆಂಟ್ ಕೊಡೋದು’.

ಹಾಯೆನಿಸುತ್ತದೆ, ನಿಜ. ಆದರೆ ಮೂರು ತಿಂಗಳು ದಾಟಿದ ಸಾಮಾನ್ಯ ಸೊಂಟ ನೋವಿಗೆ ಟ್ರಾಕ್ಷನ್, ಅಲ್ಟ್ರಾಸೌಂಡ್, ಟೆನ್ಸ್ (ಪ್ಯಾಡ್ ಅಂಟಿಸಿ ಕೊಡುವ ಕರೆಂಟ್), ಸೊಂಟದ ಬೆಲ್ಟ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಮಾಡಿ ಎಂದಿದ್ದರಲ್ಲಿ ವ್ಯಾಯಾಮ ಇದೆ. ಹಾಗಂತ ವ್ಯಾಯಾಮ ಮಂತ್ರದಂಡವೇನಲ್ಲ. 249 ಅಧ್ಯಯನಗಳನ್ನು ಜಾಲಾಡಿದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 2021ರ ವಿಮರ್ಶೆಯ ಪ್ರಕಾರ, ಚಿಕಿತ್ಸೆಯನ್ನೇ ಪಡೆಯದವರಿಗೆ ಅಥವಾ ಮಾಮೂಲಿ ಆರೈಕೆ ಪಡೆದವರಿಗೆ ಹೋಲಿಸಿದರೆ ನೋವು 100ಕ್ಕೆ ಸುಮಾರು 15 ಅಂಕ ಕಡಿಮೆಯಾಯಿತು. ಬೇರೆ ಚಿಕಿತ್ಸೆಗಳ ಎದುರು ವ್ಯತ್ಯಾಸ ಇನ್ನೂ ಕಡಿಮೆ.

ಫಿಸಿಯೋಗಳನ್ನೇ ದೂರಿ ಫಲವಿಲ್ಲ. ಬರೀ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ‘ಏನೂ ಮಾಡ್ಲಿಲ್ಲ, ಸುಮ್ನೆ ದುಡ್ಡು ತಗೊಂಡ್ರು’ ಅನ್ನುವವರು ನಾವೇ ಅಲ್ವಾ?

ಮೊದಲ ಕೆಲಸ, ಅಪಾಯದ ಲಕ್ಷಣ ಇದೆಯೇ ನೋಡಿಕೊಳ್ಳುವುದು. ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು, ತೊಡೆಸಂದಿ ಜೋಮು ಹಿಡಿಯುವುದು, ಕಾಲಿನ ಬಲ ಕುಗ್ಗುವುದು: ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ತೋರಿಸದೆ ಕಸರತ್ತು ಬೇಡ.

ಇವೇನೂ ಇಲ್ಲದಿದ್ದರೆ ಹಾಸಿಗೆ ಬಿಡಿ. ಮನೆಯೊಳಗೇ ಐದು ನಿಮಿಷ ಓಡಾಡಿದರೂ ಸಾಕು, ದಿನಕ್ಕೆ ಮೂರ್ನಾಲ್ಕು ಸಲ.

ನಂತರ ನೆಲದ ಮೇಲೆ ಚಾಪೆ ಹಾಸಿ. ಮಂಡಿ, ಅಂಗೈ ಊರಿ ಅಂಬೆಗಾಲಿನ ಭಂಗಿಗೆ ಬನ್ನಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನಿಧಾನವಾಗಿ ಚಾಚಿ. ಸೊಂಟದ ಮೇಲೆ ನೀರಿನ ಲೋಟ ಇಟ್ಟರೂ ತುಳುಕಬಾರದು, ಅಷ್ಟು ಸಮ ಇರಲಿ. ಕಾಲನ್ನು ಸೊಂಟಕ್ಕಿಂತ ಮೇಲೆತ್ತಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಉಸಿರು ಕಟ್ಟದೆ 8-10 ಸೆಕೆಂಡ್ ನಿಂತು, ಇನ್ನೊಂದು ಬದಿ ಮಾಡಿ. ಆರು ಸಲ, ಸ್ವಲ್ಪ ವಿಶ್ರಾಂತಿ, ನಾಲ್ಕು ಸಲ, ಮತ್ತೆ ಎರಡು. ಕೆನಡಾದ ಬೆನ್ನುಮೂಳೆ ವಿಜ್ಞಾನಿ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮಗಳಲ್ಲಿ ಇದೂ ಒಂದು. ರೂಢಿಯಾದ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧ ಸೇರಿಸಿ.

ಮಾಡುವಾಗ ನೋವು ಹತ್ತಕ್ಕೆ ಮೂರ್ನಾಲ್ಕರ ಒಳಗಿದ್ದು, ಮಾರನೇ ದಿನಕ್ಕೆ ಮೊದಲಿನಂತಾದರೆ ಚಿಂತೆಯಿಲ್ಲ. ಜಾಸ್ತಿಯಾದರೆ ಎಣಿಕೆ ಇಳಿಸಿ. ನೋವು ಕಾಲಿನ ಕಡೆಗೆ ಹರಿಯತೊಡಗಿದರೆ ನಿಲ್ಲಿಸಿ ಫಿಸಿಯೋಗೆ ತೋರಿಸಿ. ಹೋದಾಗ, ನೀವು ಮನೆಯಲ್ಲಿ ಮಾಡುವ ರೀತಿಯನ್ನು ಅವರೆದುರೇ ಮಾಡಿ ತೋರಿಸಿ, ತಿದ್ದಿಸಿಕೊಳ್ಳಿ. ಕೊಟ್ಟ ಫೀಸಿಗೆ ನಿಜವಾದ ಬೆಲೆ ಸಿಗುವುದು ಅಲ್ಲಿ.

ನೋವು ಹೋದ ಮೇಲೂ ನಡಿಗೆ ಬಿಡಬೇಡಿ. ನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಫಿಸಿಯೋ ಮಾರ್ಗದರ್ಶನದಲ್ಲಿ ನಡೆದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರಳಲು 208 ದಿನ ಹಿಡಿಯಿತು, ಉಳಿದವರಲ್ಲಿ 112. ಅವರ ಗುರಿ ವಾರಕ್ಕೆ ಐದು ಸಲ, ತಲಾ 30 ನಿಮಿಷ. ಫುಟ್‌ಪಾತ್ ನಡೆಯುವ ಹಾಗಿಲ್ಲದಿದ್ದರೆ ಟೆರೇಸ್ ಆದರೂ ಆದೀತು.