ಬೆಟಗೇರಿ ಮಗ್ಗದಾಗ ಜಿಸೆಲ್: ಬರಿಗಾಲಾಗ ಬ್ಯಾಲೆ ಮಾಡಿದ್ದು ಹೆಂಗ

ಜಿಸೆಲ್ ಅನ್ನೋ ಹಳೇ ಫ್ರೆಂಚ್ ಬ್ಯಾಲೆ ಬರಿಗಾಲಾಗ ಆಗೂದಿಲ್ಲ ಅಂದವರು ಬಾಳ ಮಂದಿ. ಬೆಂಗಳೂರಾಗ ಬ್ಯಾಲೆ ಕಲಿಸೋ ಒಬ್ರಂತೂ, ವಿಲಿಗಳು (ಮದುವಿಗೆ ಮೊದಲ ಸತ್ತ ಹುಡುಗ್ಯಾರ ದೆವ್ವ) ತೇಲಬೇಕ್ರಿ, ನಿಮ್ಮ ಭರತನಾಟ್ಯದ ಹುಡುಗ್ಯಾರು ಅರಮಂಡಿಗೆ (ಮೊಣಕಾಲು ಮಡಚಿ ಅರ್ಧ ಕೂತ ಭಂಗಿ) ಕೂತಬಿಡ್ತಾರ ಅಂದ್ರು. ಈಗ ಧಾರವಾಡದಾಗೂ ಗದಗಿನಾಗೂ ಶೋ ಆಗಿ ಮಂದಿ ಎದ್ದುನಿಂತು ಚಪ್ಪಾಳಿ ಹೊಡದಾರ, ಅದಕ್ಕ ಬರೀಲಿಕತ್ತೇನಿ.

1841ರ ಪ್ಯಾರಿಸ್ ಕಥಿ ಇಷ್ಟ: ಹಳ್ಳಿ ಹುಡುಗಿ ಜಿಸೆಲ್, ಮೆಚ್ಚಿದಾಂವ ಮೋಸ ಮಾಡಿದ್ದು ಗೊತ್ತಾಗಿ ಹುಚ್ಚು ಹಿಡದು ಸಾಯ್ತಾಳ, ಎರಡನೇ ಅಂಕದಾಗ ವಿಲಿಗಳ ಗುಂಪು ಸೇರ್ತಾಳ. ಸ್ವೀಡನ್ನಿನ ನೃತ್ಯ ಸಂಯೋಜಕ ಮ್ಯಾಟ್ಸ್ ಎಕ್ 1982ರಾಗ ಎರಡನೇ ಅಂಕಾನ ಹುಚ್ಚಾಸ್ಪತ್ರಿಗೆ ಒಯ್ದ, ಇಂಗ್ಲೆಂಡಿನ ನೃತ್ಯ ಸಂಯೋಜಕ ಅಕ್ರಂ ಖಾನ್ 2016ರಾಗ ಬಟ್ಟಿ ಫ್ಯಾಕ್ಟರಿ ಕೂಲಿಗಾರರನ್ನ ತಂದ, ಹಂಗಾಗಿ ಬರೇ ಜಾಗಾ ಬದಲಿ ಮಾಡಿದ್ರ ಏನೂ ಸಿಗೂದಿಲ್ಲ. ನನಗ ಬೇಕಾಗಿದ್ದು ಕಾಲಿನ ಕೆಲಸ, ಅದು ಸಿಕ್ಕಿದ್ದು ಬೆಟಗೇರಿ ಕುಣಿ ಮಗ್ಗದಾಗ. ಕಾಲು ಕುಣಿಯೊಳಗ ಇಳಿಬಿಟ್ಟು ಒಂದಾದ ಮ್ಯಾಲ ಒಂದು ತುಳೀತಾರ, ಒಂದು ಕೈ ಲಾಳಿ ಹಗ್ಗ ಎಳೀತೈತಿ. ಅಲ್ಲಿ ವಯಸ್ಸಾದ ನೇಕಾರರು "ಕಾಲು ಮೊದ್ಲರೀ ಅಕ್ಕಾರ, ಕೈ ಆಮ್ಯಾಲ" ಅಂದ್ರು, ಇಡೀ ಮೊದಲನೇ ಅಂಕ ಆ ಮಾತಿನ ಮ್ಯಾಲ ಕಟ್ಟೇನಿ.

ಹುಚ್ಚಿನ ಸೀನ್ ಅಂತೂ ಎದಿ ಮುಟ್ಟಿ ಹೇಳ್ತೀನಿ, ಹಂಗ ಬಂದೈತಿ. ಮೂಲದಾಗೂ ಜಿಸೆಲ್ ಮೊದಲಿನ ಕುಣಿತಾನ ಚೂರುಚೂರಾಗಿ ನೆನಸ್ತಾಳ, ಸಂಗೀತ ಕೊಟ್ಟ ಆಡಾಂ ಹಳೇ ಟ್ಯೂನ್‌ಗಳನ್ನೇ ವಾಪಸ್ ತರ್ತಾನ. ನಮ್ಮಾಕಿ ಕಾಲು ತುಳೀತಾನ ಇರ್ತಾವ, ಕೈ ಮ್ಯಾಲ ಹೋಗಿ ಹಗ್ಗ ಹುಡುಕ್ತೈತಿ, ಹಗ್ಗ ಇಲ್ಲ. ಮತ್ತ ಹುಡುಕ್ತೈತಿ. ಕಾಲು ಜೋರಾಗ್ತಾವ, ಕೈ ಬರಬರತ ಸಣ್ಣದಾಗಿ ಕಡೀಕ ಬರೇ ಬೆರಳು.

ಸೌಂಡಿಗೆ ಬಾಳ ರೊಕ್ಕ ಹೋತು. ಮಗ್ಗದ ಸಪ್ಪಳ ರೆಕಾರ್ಡ್ ಮಾಡ್ಸಿದ್ದಕ್ಕ ಹತ್ತ ಹನ್ನೆರಡು ಸಾವಿರ ಆಗಿರಬೇಕು, ಹಾಲ್‌ನ್ಯಾಗ ಹಾಕಿದ್ರ ಬರೇ ಗದ್ದಲ, ಕಡೀಕ ವಿಂಗ್ಸ್ ಹಿಂದ ಹುಡುಗರನ್ನ ಕೂಡ್ರಿಸಿ ಹಲಗಿ ಮ್ಯಾಲ ಹಲಗಿ ಬಡಿಸಿದ್ವಿ, ಅದು ಖರ್ಚಿಲ್ಲದ ಕೆಲಸ. ಆಡಾಂ ಟ್ಯೂನಿಗೆ ಕಾಪಿರೈಟ್ ಇಲ್ಲ, ಆದ್ರ ಆರ್ಕೆಸ್ಟ್ರಾ ರೆಕಾರ್ಡಿಂಗಿಗೆ ಇರತೈತಿ, ಅದಕ್ಕ ಎರಡನೇ ಅಂಕದ ವಯೋಲಾ (ವಯೋಲಿನ್‌ಗಿಂತ ದೊಡ್ಡ ವಾದ್ಯ) ಸೋಲೋನ ಹಾರ್ಮೋನಿಯಂ ಮ್ಯಾಲ ಇಳಿಸಿದ್ವಿ. ನಡಕ ವಿಲಿಗಳ ರಾಣಿ ಮಿರ್ಥಾ ಎಂಟ್ರಿಗೆ ಜಗ್ಗಲಿಗಿ ಅನ್ನೋ ದೊಡ್ಡ ಚರ್ಮವಾದ್ಯಾನೂ ಹಚ್ಚಿ ನೋಡೇನಿ, ಸಪ್ಪಳ ಏನೋ ಭಾರಿ, ಆದ್ರ ನಮ್ಮ ಮಂದಿಗೆ ಅದು ಕೇಳಿದ ಕೂಡ್ಲೆ ಹೋಳಿ ನೆನಪಾಗತೈತಿ, ಬಿಟ್ಟೆ.

ವಿಲಿಗಳ ಉಡುಪಿನ ನೆಟ್‌ಗೆ ಹೊರಗಿನಿಂದ ಟ್ಯೂಲ್ (ಬ್ಯಾಲೆ ಸ್ಕರ್ಟಿನ ತೆಳು ಜಾಳಿಗಿ ಬಟ್ಟಿ) ತರಿಸಿದ್ರ ನಲವತ್ತು ಸಾವಿರ ಹತ್ರ ಹೇಳಿದ್ರು. ಹುಬ್ಬಳ್ಳಿ ದುರ್ಗದಬೈಲಿನಾಗ ಸೊಳ್ಳೆ ಪರದೆ ಬಟ್ಟಿ ತಗೊಂಡೆ, ಐದಾರು ಸಾವಿರದಾಗ ಎಲ್ಲಾರಿಗೂ ಆತು. ಅದು ಜೋತು ಬೀಳ್ತೈತಿ, ಗಂಜಿ ಬೇಕು. ಗಂಜಿಯೊಳಗ ಏನ್ ಕೂಡಿಸಿದೆ ಅನ್ನೂದು ಮಾತ್ರ ನನ್ನ ಹತ್ರನ ಇರಲಿ.

ಇನ್ನ ವಿಲಿಗಳ ಎರಡು ಸಾಲು ಒಂದರೊಳಗೊಂದು ದಾಟೋ ಅರಬೆಸ್ಕ್, ಅಂದ್ರ ಒಂಟಿಕಾಲ ಮ್ಯಾಲ ನಿಂತು ಇನ್ನೊಂದು ಕಾಲು ಹಿಂದಕ್ಕ ಚಾಚೂದು. ಒಂಟಿಕಾಲಾಗ ಜಿಗಿಸಿದ್ರ ಹುಡುಗ್ಯಾರು ಮೊಣಕಾಲು ಹಿಡಕೊಂಡು ಕೂತ್ರು, ಅರ್ಧ ಪಾದದ ಮ್ಯಾಲ ಎಬ್ಬಿಸಿದ್ರ ಸಾಲು ಅಲಗಾಡ್ತಿತ್ತು. ಆಮ್ಯಾಲ ಅರಮಂಡಿಗೆ ಇಳಿಸಿ, ಪಾದ ಎಳಕೊಂಡು ಬಂದು ಹಿಮ್ಮಡಿ ಬಡಿ ಅಂದೆ, ಮಗ್ಗದ ಲೆಕ್ಕಕ್ಕ. ಅಷ್ಟೂ ಹಿಮ್ಮಡಿ ಒಮ್ಮೆ ಹಲಗಿಗೆ ಬಿದ್ದಾಗ ಮುಂದಿನ ಸಾಲಿನ ಮಂದಿ ಕುರ್ಚಿ ಹಿಡಕೊಂಡ್ರು. ನಮ್ಮ ವಿಲಿಗಳು ನೆಲ ಬಿಟ್ಟುಕೊಡೂದಿಲ್ಲ.

ಒಟ್ಟ ಖರ್ಚು ಒಂದೂವರೆ ಲಕ್ಷದ ಆಸುಪಾಸು. ಐವತ್ತು ಸಾವಿರ ಕೊಡ್ತೀನಿ ಅಂದವರೊಬ್ರು ಸತ್ತ ಹೆಣಮಕ್ಕಳ ಕಥಿ ಅಂತ ಗೊತ್ತಾದ ಮ್ಯಾಲ ಫೋನ್ ಎತ್ತಲಿಲ್ಲ. ಟಿಕೆಟ್ ನೂರು ರೂಪಾಯಿ ಇಟ್ಟಿದ್ವಿ, ಗದಗಿನ ಶೋ ಆದ ಮ್ಯಾಲ ಸಾಲ ತೀರೇತಿ. ಮುಂದ ಹಾವೇರಿ. ಕರಿಯೋರು ಕಟ್ಟಿಗಿ ಸ್ಟೇಜ್ ಐತೇನು ನೋಡಿ ಕರೀರಿ, ಸಿಮೆಂಟ್ ಮ್ಯಾಲ ಮಾಡ್ಸೂದಿಲ್ಲ, ಹುಡುಗ್ಯಾರ ಹಿಮ್ಮಡಿ ಹೋಗ್ತಾವ.