ಪಾದಯಾತ್ರೆಯಲ್ಲಿ ಕಾಲಿಗೆ ಗುಳ್ಳೆ ಎದ್ದರೆ

ಪಾದ ಒಂದೆಡೆ ಉರಿಯತೊಡಗಿದ ಕೂಡಲೇ ನಿಲ್ಲಿ. ಮುಂದಿನ ತಂಗುದಾಣದವರೆಗೆ ತಡೆದುಕೊಂಡರೆ ಗುಳ್ಳೆ ಎದ್ದೇ ಏಳುತ್ತದೆ. ಶೂ ಬಿಚ್ಚಿ, ಬೆವರು ಒರೆಸಿ, ಚರ್ಮ ಪೂರ್ತಿ ಆರಿದ ಮೇಲೆ ಉರಿಯುವ ಜಾಗಕ್ಕೆ ಮೆಡಿಕಲ್ ಟೇಪ್ ಅಂಟಿಸಿ. ಸುಕ್ಕು ಬೇಡ, ಆ ಸುಕ್ಕೇ ಉಜ್ಜಿ ಇನ್ನೊಂದು ಗುಳ್ಳೆ ಎಬ್ಬಿಸುತ್ತದೆ.

ಸಣ್ಣ ಗುಳ್ಳೆ ಒಡೆಯಬೇಡಿ. ಕಾಲೂರಲಾಗದಷ್ಟು ನೋವಿದ್ದರೆ ಮಾತ್ರ ಕೈ, ಗುಳ್ಳೆ ಎರಡನ್ನೂ ಸೋಪಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ 2–3 ಕಡೆ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮವನ್ನು ದಯವಿಟ್ಟು ಕೀಳಬೇಡಿ. ಒಳಗಿನ ಹಸಿ ಗಾಯಕ್ಕೆ ಅದೇ ರಕ್ಷಣೆ. ಪೆಟ್ರೋಲಿಯಂ ಜೆಲ್ಲಿ ಸವರಿ, ಗಾಯಕ್ಕೆ ಅಂಟದ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ.

ಸಕ್ಕರೆ ಕಾಯಿಲೆ ಇರುವವರು ತಾವೇ ಚುಚ್ಚಿಕೊಳ್ಳಲೇಬಾರದು. ಕೀವು, ಜ್ವರ, ಸುತ್ತ ಹರಡುವ ಕೆಂಪು ಕಂಡರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಹೊರಡುವ ಮುಂಚೆಯೇ ಕಾಲು ಉಳುಕಿದ್ದು, ಇನ್ನೂ ಕುಂಟುತ್ತಿದ್ದರೆ ಯಾತ್ರೆ ಮುಂದೂಡಿ.