ವಿದ್ಯಾರ್ಥಿ ಸಂಘಟನೆಗಳ ಕಾಗದಪತ್ರ ಹುಡುಕಿ ಉಳಿಸಿದ ನನ್ನ ಅನುಭವ

ವಿಶ್ವವಿದ್ಯಾಲಯದ ಕಚೇರಿ ಫೈಲುಗಳಲ್ಲಿ ವಿದ್ಯಾರ್ಥಿ ಸಂಘಟನೆಗಳು ಹೆಚ್ಚಾಗಿ ಕಾಣಿಸುವುದು ಎರಡು ಕಡೆ: ಅವರು ಕೊಟ್ಟ ಮನವಿ ಪತ್ರ, ಅವರಿಗೆ ಕೊಟ್ಟ ನೋಟಿಸು. ಮನವಿ ಬರೆಯುವ ಮುಂಚೆ ಹಾಸ್ಟೆಲ್ ರೂಮಿನಲ್ಲಿ ಏನು ಮಾತಾಯಿತು, ಪಟ್ಟಿ (ಚಂದಾ) ಎತ್ತಿದ್ದು ಯಾರ ಹತ್ತಿರ, ಯಾರು ಒಪ್ಪದೆ ಎದ್ದು ಹೋದರು, ಇದ್ಯಾವುದೂ ಅಲ್ಲಿ ಸಿಗಲ್ಲ. ಅದೆಲ್ಲ ಹಳೆಯ ಕಾರ್ಯಕರ್ತರ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಇರುತ್ತದೆ. ನಾನು ರಾಯಚೂರಿನಲ್ಲಿ ಗ್ರಂಥಾಲಯದ ಕೆಲಸದಲ್ಲಿದ್ದೇನೆ. ಈ ಕಾಗದಗಳನ್ನು ನಾವೇ ಹೋಗಿ ಕೇಳಿ ತರಬೇಕು, ತಾವಾಗಿ ಬರಲ್ಲ ಅಂತ ಈ ಕೆಲಸದಲ್ಲೇ ಗೊತ್ತಾಯಿತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ವಿಶ್ವವಿದ್ಯಾಲಯಗಳೇ ಹೊಸವು. ಬಳ್ಳಾರಿಯದು 2010ರದ್ದು, ಕೊಪ್ಪಳದ್ದು ಮೊನ್ನೆ ಮೊನ್ನೆ 2023ರಲ್ಲಿ ಆಗಿದ್ದು. ಅದಕ್ಕೂ ಮುಂಚೆ ನಮ್ಮ ಕಾಲೇಜುಗಳು 1980ರಲ್ಲಿ ಶುರುವಾದ ಗುಲಬರ್ಗಾ ವಿವಿಗೆ ಸೇರಿದ್ದವು, ಅದಕ್ಕೂ ಹಿಂದೆ ಧಾರವಾಡಕ್ಕೆ. ಹಾಗಾಗಿ ಇಲ್ಲಿನ ಹುಡುಗರ ಹೋರಾಟಕ್ಕೆ ವಿವಿಗಳಿಗಿಂತ ಜಾಸ್ತಿ ವಯಸ್ಸು. 'ನಮ್ಮ ವಿವಿ ಶುರುವಾದ ಮೇಲಿನದ್ದು ಮಾತ್ರ ಇಟ್ಟುಕೊಳ್ಳೋಣ' ಅಂದರೆ ಅರ್ಧಕ್ಕಿಂತ ಹೆಚ್ಚು ಚರಿತ್ರೆ ಹೊರಗೇ ಉಳಿಯುತ್ತದೆ.

ಕೇಳಲು ಹೋದಾಗ ಬರುವ ಮೊದಲ ಉತ್ತರ ಒಂದೇ: 'ಅವೆಲ್ಲಾ ರದ್ದಿ ಅದಾವ್ರೀ ಸರ್, ಏನ್ ಮಾಡ್ತೀರಿ?' ಅವರು ಸುಮ್ನೆ ಹೇಳುವುದಲ್ಲ, ನಿಜಕ್ಕೂ ಹಾಗೆ ನಂಬಿರುತ್ತಾರೆ. ಸಭೆಯ ತೀರ್ಮಾನ ಬರೆದಿಡುವ ಠರಾವು ಪುಸ್ತಕ ಇದೆಯಾ ಅಂತ ಕೇಳಿದರೆ ಇಲ್ಲ ಅಂತಾರೆ. 'ಆ ಸಲದ ಬಂದ್‌ಗೆ ಕರಪತ್ರ ಎಲ್ಲಿ ಅಚ್ಚು ಹಾಕಿಸಿದ್ರಿ ಅಣ್ಣಾ?' ಅಂತ ಕೇಳಿದರೆ ಮಾತು ಶುರುವಾಗುತ್ತದೆ, ಚಹಾ ಬರುತ್ತದೆ, ಆಮೇಲೆ ಟ್ರಂಕೂ ಇಳಿಯುತ್ತದೆ.

ಕೊಪ್ಪಳದಿಂದ ಬಂದ ಒಂದು ಕಟ್ಟಿನ ಬಗ್ಗೆ ಹೇಳಲೇಬೇಕು. ಒಂದು ಕರಪತ್ರ, ಅದರ ಜೊತೆ ಒಂದು ರಸೀದಿ ಪುಸ್ತಕ. ಕರಪತ್ರದಲ್ಲಿ 'ಸೆಪ್ಟೆಂಬರ್ 17, ಶುಕ್ರವಾರ' ಅಂತ ಇದೆ, ಇಸವಿ ಇಲ್ಲ. ಕರಪತ್ರಗಳ ಹಣೆಬರಹವೇ ಇದು, ನಾಳಿದ್ದು ನಡೆಯುವ ಮೆರವಣಿಗೆಗೆ ಇಸವಿ ಯಾರು ಹಾಕ್ತಾರೆ? ಹಳೆಯ ಕ್ಯಾಲೆಂಡರ್ ನೋಡಿದರೆ 1980ರಿಂದ 2005ರೊಳಗೆ ಆ ತಾರೀಖು ಶುಕ್ರವಾರ ಬಂದಿದ್ದು 1982, 1993, 1999, 2004ರಲ್ಲಿ. ಕೆಳಗೆ ವಿಳಾಸದಲ್ಲಿ 'ಕೊಪ್ಪಳ, ಜಿ. ರಾಯಚೂರು' ಅಂತ ಅಚ್ಚಾಗಿದೆ. ಕೊಪ್ಪಳ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅಲ್ಲಿಗೆ ಕೊನೆಯ ಎರಡು ಹೋದವು. ಬೇಡಿಕೆಗಳಲ್ಲಿ ಮೂರನೆಯದು 'ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ನಡೆಸಬೇಕು' ಅಂತ. ರಾಜ್ಯದಲ್ಲಿ ಆ ಚುನಾವಣೆ ನಿಂತಿದ್ದು 1989-90ರಲ್ಲಿ. ಅಂದರೆ ಇದು 1993ರದ್ದೇ. ರಸೀದಿ ಪುಸ್ತಕದ ಉಳಿದ ಅರ್ಧಗಳಲ್ಲಿ ಯಾರು ಯಾರು ದುಡ್ಡು ಕೊಟ್ಟರು ಅಂತ ಪೆನ್ಸಿಲಿನಲ್ಲಿ ಬರೆದಿದೆ: ಗಂಜಿನ (ಮಾರುಕಟ್ಟೆಯ) ಅಂಗಡಿಯವರು 11 ರೂಪಾಯಿ, ಚಹಾ ಹೋಟೆಲಿನವರು 5, ಒಬ್ಬ ಮೇಷ್ಟ್ರು 'ಹೆಸರು ಬೇಡ' ಅಂತ 21. ಊರು ಆ ಹುಡುಗರ ಹಿಂದೆ ನಿಂತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇದಕ್ಕೇ ನಾನು ಕಟ್ಟು ಬಂದ ಕ್ರಮವನ್ನು ಕೆಡಿಸುವುದಿಲ್ಲ. ಕರಪತ್ರ ಒಂದು ಕಡೆ, ರಸೀದಿ ಒಂದು ಕಡೆ ಅಂತ ವಿಂಗಡಿಸಿಬಿಟ್ಟರೆ ಇವೆರಡೂ ಒಂದೇ ಹೋರಾಟದವು ಅಂತ ಮುಂದೆ ಯಾರಿಗೂ ತಿಳಿಯಲ್ಲ.

ಕಾಗದದ ಆರೈಕೆ ಕಷ್ಟದ್ದಲ್ಲ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್ ನಿಧಾನಕ್ಕೆ ಬಿಡಿಸಿ. ರಬ್ಬರ್ ಬ್ಯಾಂಡ್ ನಮ್ಮ ಬಿಸಿಲಿಗೆ ಕರಗಿ ಕಾಗದಕ್ಕೆ ಅಂಟುತ್ತದೆ, ಹತ್ತಿಯ ನಾಡೆ (ಲಾಡಿ) ಕಟ್ಟಿ. ಫೋಟೊ ಹಿಂದೆ ಪೆನ್ಸಿಲಿನಲ್ಲೇ ಬರೆಯಿರಿ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಮಾಡಿಸಬೇಡಿ! ಪ್ರೀತಿಯಿಂದ ಮಾಡಿಸಿ ತಂದುಕೊಡುತ್ತಾರೆ, ಆದರೆ ಆ ಬಿಸಿ, ಆ ಅಂಟು ಕಾಗದದೊಳಗೆ ಸೇರಿಬಿಟ್ಟರೆ ಬಿಡಿಸಲು ಆಗಲ್ಲ. ಸ್ಕ್ಯಾನ್ ಮಾಡುವುದು 400 ಡಿಪಿಐ (ಇಂಚಿಗೆ 400 ಚುಕ್ಕೆ), ಮೂಲ ಪ್ರತಿ ಟಿಫ್ ಅನ್ನುವ ಚಿತ್ರದ ಫೈಲು, ಓದುವವರಿಗೆ ಪಿಡಿಎಫ್.

ನಿಜವಾದ ತಲೆನೋವು ಹಳೆಯ ಕಾಗದದ್ದಲ್ಲ, 2000ದ ನಂತರದ್ದು. ಆ ಕಾಲದ ವರದಿಗಳೆಲ್ಲ ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಆದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲು ಹಾಳಾಗಿದೆ ಅಂತ ಡಿಲೀಟ್ ಮಾಡಿದವರೂ ಇದ್ದಾರೆ. ಹಾಳಾಗಿರಲ್ಲ, ಈಗ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಯೂನಿಕೋಡ್‌ಗೆ ಬದಲಿಸಿದರೆ ಓದಬಹುದು. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು, ಅದಕ್ಕೇ ಮೂಲ ಫೈಲನ್ನೂ ಇಟ್ಟುಕೊಳ್ಳುತ್ತೇವೆ. ಈಗಂತೂ ಚರ್ಚೆಯೆಲ್ಲ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತದೆ. ಮೊಬೈಲ್ ಕಳೆದರೆ ಒಂದು ಚಳವಳಿಯೇ ಹೋದ ಹಾಗೆ. ಚಾಟ್ ಎಕ್ಸ್‌ಪೋರ್ಟ್ ಮಾಡಿಸಿಕೊಳ್ಳುತ್ತೇವೆ, ಆದರೆ ಗುಂಪಿನವರು ಒಪ್ಪಿದ ಮೇಲೆ ಮಾತ್ರ. ಹೆಸರು, ನಂಬರ್ ಇರುವುದನ್ನು ಅವರು ಹೇಳಿದಷ್ಟು ವರ್ಷ ಮುಚ್ಚಿಡುತ್ತೇವೆ ಅಂತ ಬರೆದುಕೊಡುತ್ತೇವೆ. ಹುಡುಗಿಯರ ಹಾಸ್ಟೆಲ್ ದೂರುಗಳ ವಿಷಯದಲ್ಲಿ ನಾನು ಇನ್ನೂ ಬಿಗಿ. ಸಂಶೋಧಕರಿಗೆ ಬೇಸರವಾದರೂ ಸರಿ.

ಎಲ್ಲ ಬಣ್ಣದವರಿಂದಲೂ ತರಬೇಕು. ಎಸ್‌ಎಫ್‌ಐ, ಎಬಿವಿಪಿ, ಎಐಡಿಎಸ್‌ಒ, ಎನ್‌ಎಸ್‌ಯುಐ, ದಲಿತ ವಿದ್ಯಾರ್ಥಿ ಸಂಘಟನೆಗಳು, ಜೊತೆಗೆ ಯಾವ ಬಾವುಟವೂ ಇಲ್ಲದ ಕನ್ನಡ ಸಂಘ, ಹಾಸ್ಟೆಲ್ ಸಂಘ. ಒಬ್ಬರ ಪೆಟ್ಟಿಗೆ ಮಾತ್ರ ಕಪಾಟಿನಲ್ಲಿ ಕಂಡರೆ ಇನ್ನೊಬ್ಬರು ಬಾಗಿಲಿಗೂ ಬರಲ್ಲ. 371ಜೆ (ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ) ಹೋರಾಟದ ಕಾಗದಗಳನ್ನು ಕೇಳಿದಾಗ ಇದು ಚೆನ್ನಾಗಿ ಗೊತ್ತಾಯಿತು. 2012ರ ಸಂವಿಧಾನ ತಿದ್ದುಪಡಿ ನಮ್ಮಿಂದಲೇ ಬಂತು ಅಂತ ಪ್ರತಿಯೊಬ್ಬರೂ ಹೇಳುತ್ತಾರೆ, ಎಲ್ಲರ ಕರಪತ್ರವೂ ಒಂದೇ ಕಪಾಟಿನಲ್ಲಿ ಇದ್ದರೆ ತಾನೇ ಓದುವವರು ತೂಗಿ ನೋಡುವುದು?

ಈಗ ಪ್ರತಿ ವರ್ಷ ಪದಾಧಿಕಾರಿಗಳು ಬದಲಾಗುವ ಹೊತ್ತಿಗೆ ಹಳೆಯ ಕಾರ್ಯದರ್ಶಿಗೆ ಫೋನ್ ಮಾಡುತ್ತೇನೆ. ಠರಾವು ಪುಸ್ತಕ, ಲೆಕ್ಕದ ಪುಸ್ತಕ, ಪ್ರತಿ ಕರಪತ್ರದ ಎರಡು ಪ್ರತಿ, ಫೋಟೊ ಇರುವ ಪೆನ್‌ಡ್ರೈವ್. ಅವರು ಪರೀಕ್ಷೆ ಮುಗಿಸಿ ಊರಿಗೆ ಹೋಗುವ ಮುಂಚೆಯೇ ಇಸಿದುಕೊಳ್ಳಬೇಕು, ಬಸ್ ಹತ್ತಿದ ಮೇಲೆ ಯಾವುದೂ ಕೈಗೆ ಸಿಗಲ್ಲ.